ಫ್ಲ್ಯಾಟ್ ಕೊಳ್ಳಲು ಒಳ್ಳೆಯ ಮುಹೂರ್ತ ಯಾವುದು?

ಆಷಾಢ ಬಂತೆಂದರೆ ಬೆಂಗಳೂರಿನ ಸಬ್ ರಿಜಿಸ್ಟ್ರಾರ್ ಕಚೇರಿಗಳಲ್ಲಿ ಕುರ್ಚಿ ಸಿಗುತ್ತದೆ. ಶ್ರಾವಣ ಶುರುವಾದ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಪಿತೃಪಕ್ಷದಲ್ಲಿ ಮತ್ತೆ ಬಿಡುವು, ನವರಾತ್ರಿಗೆ ಮತ್ತೆ ನೂಕುನುಗ್ಗಲು. ಬಿಲ್ಡರ್‌ಗಳಿಗೆ ಈ ಪಂಚಾಂಗ ಬಾಯಿಪಾಠ. ಜನ ಕೊಳ್ಳಲು ಹಿಂಜರಿಯುವ ತಿಂಗಳಲ್ಲೇ ಜಾಹೀರಾತಿನ ಅಬ್ಬರ ಹೆಚ್ಚು: ಆಷಾಢದಲ್ಲಿ ಬುಕ್ ಮಾಡಿದವರಿಗೆ ಮಾಡ್ಯುಲರ್ ಕಿಚನ್ ಉಚಿತ, ಮೇಲಿನ ಮಹಡಿಗೆ ಹೆಚ್ಚುವರಿ ದರ ಮಾಫಿ, ರಿಜಿಸ್ಟ್ರೇಷನ್ ಖರ್ಚು ನಮ್ಮದೇ. ಮುಂಗಡ ಆಷಾಢದಲ್ಲಿ ಕೊಡಿ, ಕ್ರಯಪತ್ರ ಶ್ರಾವಣದಲ್ಲಿ ಮಾಡಿಸೋಣ ಎಂದು ಧರ್ಮಸಂಕಟಕ್ಕೂ ಅವರೇ ದಾರಿ ತೋರಿಸುತ್ತಾರೆ.

ಪಂಚಾಂಗ ನೋಡದವರೂ ಮುಹೂರ್ತ ಹುಡುಕುವುದನ್ನು ಬಿಟ್ಟಿಲ್ಲ. ಅವರು ರಿಸರ್ವ್ ಬ್ಯಾಂಕಿನ ಸಭೆಯ ತಾರೀಖು ನೋಡುತ್ತಾರೆ, ಮೆಟ್ರೊ ಯಾವಾಗ ಬರುತ್ತದೆ ಎಂದು ಕೇಳುತ್ತಾರೆ, ಐಟಿ ಕಂಪನಿಗಳು ಜನರನ್ನು ತೆಗೆದರೆ ರೇಟು ಇಳಿದೀತು ಎಂದು ಕಾಯುತ್ತಾರೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಪಕ್ಕದ ಎಲೆಯವರು ಕೇಳುವುದೂ ಇದನ್ನೇ: ‘ಈಗ ತಗೋಬಹುದಾ, ಇನ್ನೊಂದು ವರ್ಷ ಕಾಯೋದಾ?’

ಈ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಮಾರುಕಟ್ಟೆಯ ಸಮಯವನ್ನು ನೀವೂ ಹಿಡಿಯಲಾರಿರಿ, ನಾನೂ ಹಿಡಿಯಲಾರೆ. ಕೊಳ್ಳಬೇಕಾದ ಸಮಯವನ್ನು ಎರಡು ಕಡೆ ನೋಡಿ ತಿಳಿಯಬಹುದು. ಒಂದು, ನಿಮ್ಮ ಬ್ಯಾಂಕ್ ಪಾಸ್‌ಬುಕ್. ಇನ್ನೊಂದು, ಆ ಕಟ್ಟಡದ ಕಡತದಲ್ಲಿ ಒಸಿ, ಅಂದರೆ ಸ್ವಾಧೀನಾನುಭವ ಪತ್ರ, ಇದೆಯೋ ಇಲ್ಲವೋ ಎಂಬುದು.

ಬಡ್ಡಿಯ ಹಿಂದೆ ಓಡುವವರಿಗೆ

ಬಡ್ಡಿಯ ಮಾತನ್ನು ಮೊದಲು ಮುಗಿಸಿಬಿಡೋಣ. 2022ರ ಮೇ ತಿಂಗಳಿಗೆ ಮುಂಚೆ ರಿಸರ್ವ್ ಬ್ಯಾಂಕಿನ ರೆಪೋ ದರ ಶೇ 4 ಇತ್ತು. 2023ರ ಫೆಬ್ರುವರಿ ಹೊತ್ತಿಗೆ ಶೇ 6.5 ಆಯಿತು. 2025ರ ಫೆಬ್ರುವರಿಯಿಂದ ಇಳಿಯತೊಡಗಿ ಡಿಸೆಂಬರ್‌ನಲ್ಲಿ ಶೇ 5.25ಕ್ಕೆ ಬಂತು. ನಾಲ್ಕು ವರ್ಷದೊಳಗೆ ಇಷ್ಟು ಏರಿಳಿತ. ಗೃಹಸಾಲ 20 ವರ್ಷದ್ದು. ಬದಲಾಗುವ ಬಡ್ಡಿಯ ಹೊಸ ಗೃಹಸಾಲಗಳನ್ನು ಬ್ಯಾಂಕುಗಳು 2019ರ ಅಕ್ಟೋಬರ್‌ನಿಂದ ರೆಪೋದಂತಹ ಹೊರಗಿನ ದರಕ್ಕೆ ಜೋಡಿಸಲೇಬೇಕಾಗಿದೆ. ಹಾಗಾಗಿ ನೀವು ಯಾವ ತಿಂಗಳಲ್ಲಿ ಸಾಲ ತೆಗೆದರೂ ಏರಿಕೆಯನ್ನೂ ಕಾಣುತ್ತೀರಿ, ಇಳಿಕೆಯನ್ನೂ ಕಾಣುತ್ತೀರಿ. ಕೇಳಿಕೊಳ್ಳಬೇಕಾದದ್ದು, ಏರಿದಾಗ ತಡೆದುಕೊಳ್ಳುವ ಶಕ್ತಿ ಇದೆಯೇ ಎಂದು. 75 ಲಕ್ಷ ಸಾಲಕ್ಕೆ ಶೇ 8ರ ಬಡ್ಡಿಯಲ್ಲಿ 20 ವರ್ಷಕ್ಕೆ ತಿಂಗಳ ಕಂತು ಸುಮಾರು 62,700 ರೂಪಾಯಿ. ಶೇ 9 ಆದರೆ 67,500. ಈ ಐದು ಸಾವಿರ ರೂಪಾಯಿ ಯೋಚನೆಗೇ ನಿದ್ದೆ ಕೆಡುವುದಾದರೆ ನೀವು ನೋಡುತ್ತಿರುವ ಫ್ಲ್ಯಾಟ್ ನಿಮ್ಮ ಅಳತೆಯದಲ್ಲ.

ಮೆಟ್ರೊ ನಂಬಿದವರ ಕಥೆ ಇನ್ನೊಂದು ಬಗೆಯದು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ಹಳದಿ ಮಾರ್ಗ ಹಲವು ಗಡುವು ಮೀರಿ ಕೊನೆಗೆ 2025ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. ಅಷ್ಟು ವರ್ಷವೂ ಆ ಭಾಗದ ಫ್ಲ್ಯಾಟುಗಳ ಬೆಲೆಯಲ್ಲಿ ಇನ್ನೂ ಓಡದ ರೈಲಿನ ಟಿಕೆಟ್ ದುಡ್ಡು ಸೇರಿಕೊಂಡೇ ಇತ್ತು. ಮೆಟ್ರೊ ಪಕ್ಕದಲ್ಲಿ ಕೊಳ್ಳುವುದು ಒಳ್ಳೆಯದೇ, ಆದರೆ ರೈಲು ಓಡುತ್ತಿರುವ ಕಡೆ.

ಇನ್ನು ಪಾಸ್‌ಬುಕ್. ಒಂದು ಕೋಟಿ ಬೆಲೆಯ, ಒಸಿ ಬಂದಿರುವ ಫ್ಲ್ಯಾಟ್ ಎಂದಿಟ್ಟುಕೊಳ್ಳಿ. ಸಾಲ 75 ಲಕ್ಷ ದಾಟಿದರೆ ಆಸ್ತಿ ಬೆಲೆಯ ಶೇ 75ಕ್ಕಿಂತ ಹೆಚ್ಚು ಕೊಡಬಾರದು ಎಂಬುದು ಬ್ಯಾಂಕುಗಳಿಗೆ ಇರುವ ನಿಯಮ. 30ರಿಂದ 75 ಲಕ್ಷದವರೆಗಿನ ಸಾಲಕ್ಕೆ ಶೇ 80. ಎರಡರಲ್ಲಿ ಯಾವುದನ್ನು ಹಿಡಿದರೂ ಕೋಟಿಯ ಮನೆಗೆ ಸಿಗುವುದು 75 ಲಕ್ಷ, ಉಳಿದ 25 ಲಕ್ಷ ನಿಮ್ಮದೇ. ಮುದ್ರಾಂಕ ಮತ್ತು ನೋಂದಣಿ ವೆಚ್ಚವನ್ನು ಆಸ್ತಿಯ ಬೆಲೆಗೆ ಸೇರಿಸಿ ಸಾಲ ಕೊಡುವಂತಿಲ್ಲ. ಕರ್ನಾಟಕದಲ್ಲಿ 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ 5. ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿ ನಗರದಲ್ಲಿ ಶೇ 5.6. ನೋಂದಣಿ ಶುಲ್ಕ ಶೇ 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ 2. ಒಟ್ಟು 7.6 ಲಕ್ಷ ರೂಪಾಯಿ ಒಂದೇ ದಿನ ಸರ್ಕಾರಕ್ಕೆ ಹೋಗುತ್ತದೆ. ವಾರ್ಡ್‌ರೋಬು, ಅಡುಗೆಮನೆ, ಫ್ಯಾನು, ದೀಪ, ಕಿಟಕಿ ಜಾಲರಿ ಎಂದು ಕೈ ಬಿಗಿಹಿಡಿದರೂ ಐದಾರು ಲಕ್ಷ. ಕೆಲಸ ಹೋದರೆ ಕಟ್ಟಲು ಆರು ತಿಂಗಳ ಕಂತು ಪಕ್ಕಕ್ಕಿಡಿ. ಅಲ್ಲಿಗೆ ಕೋಟಿಯ ಫ್ಲ್ಯಾಟಿಗೆ ಕೈಯಲ್ಲಿರಬೇಕಾದ ಸ್ವಂತ ದುಡ್ಡು 40 ಲಕ್ಷ ದಾಟುತ್ತದೆ.

ಇಷ್ಟು ಹಣ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ನಮ್ಮ ಕಡೆಯ ಉತ್ತರ ಗೊತ್ತೇ ಇದೆ: ಊರಿನ ಜಮೀನು. ತೀರ್ಥಹಳ್ಳಿ ಕಡೆಯ ಒಂದೆಕರೆ ಅಡಿಕೆ ತೋಟ, ಮಂಡ್ಯದ ಕಾಲುವೆ ನೀರಿನ ಗದ್ದೆ, ಹಾಸನದ ಹೊಲ ಹೊರವರ್ತುಲ ರಸ್ತೆಯ ಹತ್ತನೇ ಮಹಡಿಯ ಎರಡು ಕೋಣೆಯಾಗಿ ಮಾರ್ಪಡುತ್ತವೆ. ತಂದೆ ತಾಯಿ ಊರಲ್ಲಿ ಇನ್ನೂ ಗಟ್ಟಿಯಾಗಿದ್ದು, ಬದುಕು ಆ ತೋಟದ ಮೇಲೇ ನಡೆಯುತ್ತಿರುವಾಗ ಹೀಗೆ ಮಾಡಬೇಡಿ ಎಂದು ಖಡಾಖಂಡಿತವಾಗಿ ಹೇಳುತ್ತೇನೆ. ನೆಲ ಹಳೆಯದಾಗುವುದಿಲ್ಲ. ಲಿಫ್ಟು, ಪೈಪು, ಗೋಡೆ ಹಳೆಯದಾಗುತ್ತವೆ.

ಬಾಡಿಗೆ ದಂಡ ಎನ್ನುವ ಮಾತನ್ನೂ ಒಮ್ಮೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಬೆಂಗಳೂರಿನಲ್ಲಿ ಬಾಡಿಗೆ ಸಾಮಾನ್ಯವಾಗಿ ಆಸ್ತಿ ಬೆಲೆಯ ಶೇ 3ರಿಂದ 4ರ ಆಸುಪಾಸು. ಕೋಟಿಯ ಮನೆ ಮೂವತ್ತು ಸಾವಿರದ ಸುತ್ತ ಬಾಡಿಗೆಗೆ ಸಿಗುತ್ತದೆ. ಕೊಂಡರೆ ಕಂತು 62,700, ಜೊತೆಗೆ ಚದರಡಿಗೆ ನಾಲ್ಕೈದು ರೂಪಾಯಿ ಮೇಂಟೆನೆನ್ಸು, ಆಸ್ತಿ ತೆರಿಗೆ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಸ್ವಂತ ವಾಸದ ಮನೆಯ ಸಾಲದ ಬಡ್ಡಿಗೆ ವಿನಾಯಿತಿ ಇಲ್ಲ. ವರ್ಷಕ್ಕೆ 2 ಲಕ್ಷದ ಆ ಅನುಕೂಲ ಹಳೆಯ ಪದ್ಧತಿಯವರಿಗೆ ಮಾತ್ರ. ಮೂರು ವರ್ಷದಲ್ಲಿ ಪುಣೆಗೋ ಡಬ್ಲಿನ್‌ಗೋ ಹೋಗುವ ಸಾಧ್ಯತೆ ಇದ್ದರೆ ನೋಂದಣಿಗೆ ಕೊಟ್ಟ 7.6 ಲಕ್ಷವೂ ಹುಟ್ಟುವುದು ಕಷ್ಟ. ಏಳೆಂಟು ವರ್ಷ ಇದೇ ಊರು, ಇದೇ ಬಡಾವಣೆ, ಮಗಳು ಒಂದನೇ ತರಗತಿಗೆ ಸೇರಿದ್ದಾಳೆ, ಮಾಲೀಕರು ಪ್ರತಿ ಹನ್ನೊಂದನೇ ತಿಂಗಳಿಗೆ ಬಾಡಿಗೆ ಏರಿಸುವ ಮಾತೆತ್ತುತ್ತಾರೆ: ಇಂಥ ಮನೆಯವರಿಗೆ ಕೊಳ್ಳುವ ಕಾಲ ಬಂದಿದೆ ಎನ್ನಬಹುದು. ವಯಸ್ಸೂ ಲೆಕ್ಕಕ್ಕೆ ಬರುತ್ತದೆ. 45ರ ವಯಸ್ಸಿನಲ್ಲಿ 20 ವರ್ಷದ ಸಾಲ ಮಾಡಿದರೆ ಕೊನೆಯ ಐದು ವರ್ಷದ ಕಂತು ಪಿಂಚಣಿಯಿಂದಲೋ ಮಕ್ಕಳ ಕಿಸೆಯಿಂದಲೋ ಹೋಗಬೇಕು.

ಒಸಿ ಎಂಬ ಒಂದು ಹಾಳೆ

ಕಟ್ಟುತ್ತಿರುವ ಫ್ಲ್ಯಾಟು ಕೊಳ್ಳುವುದೋ, ಕಟ್ಟಿ ಮುಗಿದದ್ದೋ? ಮುಗಿಯದ ಕಟ್ಟಡದಲ್ಲಿ ಕೊಂಡರೆ ಶೇ 5 ಜಿಎಸ್‌ಟಿ. 45 ಲಕ್ಷದೊಳಗಿನ, 60 ಚದರ ಮೀಟರ್ ಕಾರ್ಪೆಟ್ ವಿಸ್ತೀರ್ಣ ಮೀರದ ಮನೆಗಾದರೆ ಶೇ 1. ಒಸಿ ಬಂದ ಮೇಲೆ ಕೊಂಡರೆ ಜಿಎಸ್‌ಟಿ ಇಲ್ಲವೇ ಇಲ್ಲ. ಆದರೂ ಹೇಳಿದ ದಿನಕ್ಕೆ ಬೀಗದ ಕೈ ಸಿಗುವುದಾದರೆ ಕಟ್ಟುತ್ತಿರುವುದೇ ಅಗ್ಗ ಬೀಳುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆ ಅಗ್ಗ ನೀವು ಹೊರುವ ಅಪಾಯಕ್ಕೆ ಸಿಗುವ ಕೂಲಿ, ಅಷ್ಟೇ.

ಅಪಾಯ ಹೇಗಿರುತ್ತದೆ ಎಂದರೆ: ಮೂರನೇ ವರ್ಷದ ಹೊತ್ತಿಗೆ ಬ್ಯಾಂಕು ನಿಮ್ಮ 75 ಲಕ್ಷದ ಬಹುಪಾಲನ್ನು ಬಿಲ್ಡರ್‌ಗೆ ಕೊಟ್ಟಾಗಿರುತ್ತದೆ. ಶೇ 8ರಂತೆ ಅದರ ಬಡ್ಡಿಯೇ ತಿಂಗಳಿಗೆ 50,000. ಇತ್ತ ಬಾಡಿಗೆ 30,000. ತಿಂಗಳಿಗೆ 80,000 ರೂಪಾಯಿ ಹೋಗುತ್ತಿದ್ದರೂ ಅಸಲಿನಲ್ಲಿ ಒಂದು ರೂಪಾಯಿ ಕರಗಿರುವುದಿಲ್ಲ. ಒಂದು ವರ್ಷ ತಡವಾದರೆ 9.6 ಲಕ್ಷ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳೂ ಇಲ್ಲಿ ಏದುಸಿರು ಬಿಡುತ್ತವೆ.

ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಬಂದ ಮೇಲೆ ಇದೆಲ್ಲ ಸರಿಹೋಗಿದೆಯಲ್ಲ ಎನ್ನುವವರಿದ್ದಾರೆ. ಅರ್ಧ ನಿಜ. 2016ರ ಕಾಯ್ದೆಯ ಪ್ರಕಾರ 500 ಚದರ ಮೀಟರ್ ಮೀರಿದ ಜಾಗದ ಅಥವಾ ಎಂಟಕ್ಕಿಂತ ಹೆಚ್ಚು ಫ್ಲ್ಯಾಟುಗಳ ಯೋಜನೆ ನೋಂದಣಿಯಾಗಲೇಬೇಕು. ಕೊಳ್ಳುವವರಿಂದ ಬಂದ ಹಣದ ಶೇ 70ನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಆ ಯೋಜನೆಯ ಜಮೀನು ಮತ್ತು ನಿರ್ಮಾಣಕ್ಕೇ ಬಳಸಬೇಕು. ನೋಂದಾಯಿತ ಕರಾರು ಮಾಡಿಕೊಡದೆ ಶೇ 10ಕ್ಕಿಂತ ಹೆಚ್ಚು ಹಣ ಕೇಳುವಂತಿಲ್ಲ. ತಡವಾದರೆ ಬಡ್ಡಿ, ಬೇಡವೆಂದರೆ ಬಡ್ಡಿಸಹಿತ ಹಣ ವಾಪಸು, ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಬಿಲ್ಡರ್‌ನದೇ ಖರ್ಚು. ಕಾಗದದಲ್ಲಿ ಇದಕ್ಕಿಂತ ಏನು ಬೇಕು? ತೊಡಕು ಆದೇಶ ಬಂದ ನಂತರದ್ದು. ಹಣ ಕೊಡದ ಬಿಲ್ಡರ್‌ನಿಂದ ಭೂಕಂದಾಯ ಬಾಕಿಯಂತೆ ವಸೂಲು ಮಾಡಬೇಕೆಂದು ರೇರಾ ಪ್ರಮಾಣಪತ್ರ ಕೊಡುತ್ತದೆ. ಅದು ಜಿಲ್ಲಾಡಳಿತದ ಕಡತಗಳಲ್ಲಿ ಒಂದಾಗುತ್ತದೆ. ಗೆದ್ದ ಆದೇಶ ಕೈಯಲ್ಲಿ ಹಿಡಿದು ತಾಲ್ಲೂಕು ಕಚೇರಿಯ ಬೆಂಚಿನಲ್ಲಿ ಕೂತವರು ಬೆಂಗಳೂರಿನಲ್ಲಿ ಕಡಿಮೆಯಿಲ್ಲ. ಹಾಗೆಂದು ರೇರಾ ಜಾಲತಾಣವನ್ನು ಕಡೆಗಣಿಸಬೇಡಿ. ಆ ಬಿಲ್ಡರ್‌ನ ಹಿಂದಿನ ಯೋಜನೆಗಳಿಗೆ ಎಷ್ಟು ಸಲ ಅವಧಿ ವಿಸ್ತರಣೆ ಸಿಕ್ಕಿದೆ, ಎಷ್ಟು ದೂರು ಬಿದ್ದಿವೆ ಎಂಬುದು ಅಲ್ಲೇ ಸಿಗುತ್ತದೆ. ಬ್ರೋಷರಿನ ಬಣ್ಣದ ಪುಟಗಳಿಗಿಂತ ಆ ಒಂದು ಪುಟ ಮೇಲು.

ಒಸಿ ಎಂದರೆ ಮಂಜೂರಾದ ನಕ್ಷೆಯಂತೆ ಕಟ್ಟಿದ್ದಾರೆ, ವಾಸಕ್ಕೆ ಯೋಗ್ಯ ಎಂದು ನಗರಾಡಳಿತ ಕೊಡುವ ಪತ್ರ. ನಾಲ್ಕು ಮಹಡಿಗೆ ಅನುಮತಿ ಪಡೆದು ಐದು ಕಟ್ಟಿದವರಿಗೆ, ಸುತ್ತ ಬಿಡಬೇಕಾದ ಜಾಗ ನುಂಗಿದವರಿಗೆ ಅದು ಸಿಗುವುದಿಲ್ಲ. ಹೀಗೆ ಒಸಿ ಇಲ್ಲದೆಯೇ ಜನ ಸಂಸಾರ ಹೂಡಿದ ಅಪಾರ್ಟ್‌ಮೆಂಟುಗಳು ಈ ನಗರದ ಎಲ್ಲ ದಿಕ್ಕಿನಲ್ಲೂ ಇವೆ. ‘ಒಂದಲ್ಲ ಒಂದು ದಿನ ಅಕ್ರಮ ಸಕ್ರಮ ಆಗುತ್ತೆ’ ಎಂಬುದು ಅಲ್ಲಿನ ಸಮಾಧಾನ. ಅಕ್ರಮ ಕಟ್ಟಡಗಳನ್ನು ಸಕ್ರಮಗೊಳಿಸುವ ಆ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ಕೊಟ್ಟಿತು.

2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಇನ್ನೊಂದು ತೀರ್ಪು ಕೊಟ್ಟಿತು. ಉತ್ತರಪ್ರದೇಶದ ಮೀರತ್‌ನ ಒಂದು ಅಕ್ರಮ ಕಟ್ಟಡದ ಪ್ರಕರಣ. ಒಸಿ ಅಥವಾ ಪೂರ್ಣಗೊಂಡ ಪ್ರಮಾಣಪತ್ರ ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಕೂಡದು, ಅದನ್ನು ಪರಿಶೀಲಿಸಿದ ಮೇಲಷ್ಟೇ ಬ್ಯಾಂಕುಗಳು ಸಾಲ ಕೊಡಬೇಕು ಎಂದು ಅದು ದೇಶಕ್ಕೆಲ್ಲ ಅನ್ವಯಿಸುವ ನಿರ್ದೇಶನ ನೀಡಿತು. 2025ರಲ್ಲಿ ಬೆಸ್ಕಾಂ ಹೊಸ ವಿದ್ಯುತ್ ಸಂಪರ್ಕ ನಿಲ್ಲಿಸಿದಾಗ ಮನೆ ಕಟ್ಟಿಸಿ ತಾತ್ಕಾಲಿಕ ಮೀಟರ್‌ನಲ್ಲಿ ಕೂತ ಕುಟುಂಬಗಳಿಗೆ ಆ ಹಾಳೆಯ ಬೆಲೆ ಗೊತ್ತಾಯಿತು. 30×40 ನಿವೇಶನದ ಸಣ್ಣ ಮನೆಗಳಿಗೆ ರಾಜ್ಯ ಸರ್ಕಾರ ಆಮೇಲೆ ವಿನಾಯಿತಿ ಕೊಟ್ಟಿತು. ದೊಡ್ಡ ಅಪಾರ್ಟ್‌ಮೆಂಟುಗಳು ಅದರಲ್ಲಿ ಬರುವುದಿಲ್ಲ.

ಮಾರಾಟ ಕಚೇರಿಯಲ್ಲಿ ಕೇಳಿದರೆ ‘ಸಿಸಿ ಇದೆ ಸಾರ್’ ಎನ್ನುತ್ತಾರೆ. ಅದು ಕೆಲಸ ಶುರುಮಾಡಲು ಕೊಟ್ಟ ಪ್ರಮಾಣಪತ್ರವೂ ಆಗಿರಬಹುದು. ‘ಒಸಿಗೆ ಅಪ್ಲೈ ಆಗಿದೆ, ಹದಿನೈದು ದಿನದಲ್ಲಿ ಬರುತ್ತೆ’ ಎಂದರೆ ಹದಿನಾರನೇ ದಿನ ಬರುತ್ತೇನೆ ಎಂದು ಎದ್ದು ಬನ್ನಿ. ಭಾಗಶಃ ಒಸಿ ತೋರಿಸಿದರೆ ನಿಮ್ಮ ಟವರು, ನಿಮ್ಮ ಮಹಡಿ ಅದರೊಳಗಿದೆಯೇ ನೋಡಿ.

ಕಟ್ಟುತ್ತಿರುವುದನ್ನೇ ಕೊಳ್ಳುವ ಅನಿವಾರ್ಯ ಇದ್ದರೆ? ಬಜೆಟ್ ಬೇರೆ ದಾರಿ ಬಿಡದಿದ್ದರೆ, ಸ್ಲ್ಯಾಬ್ ಕೆಲಸ ಮುಗಿದು ಒಳಗಿನ ಕೆಲಸ ನಡೆಯುತ್ತಿರುವ ಹಂತದಲ್ಲಿ, ಈ ಮೊದಲು ಮೂರ್ನಾಲ್ಕು ಕಟ್ಟಡಗಳಿಗೆ ಒಸಿ ತಂದು ತೋರಿಸಿದ ಬಿಲ್ಡರ್ ಹತ್ತಿರ ಕೊಳ್ಳಿ. ಅಡಿಪಾಯಕ್ಕೂ ಮುಂಚೆ ‘ಪ್ರೀ ಲಾಂಚ್’ ಎಂದು ಕರೆಯುವ ಕಡೆ ಚಹಾ ಕುಡಿದು ಬಂದರೆ ಸಾಕು. ರೇರಾ ನೋಂದಣಿ ಆಗುವ ಮೊದಲು ಬುಕಿಂಗ್ ಹಣ ತೆಗೆದುಕೊಳ್ಳುವುದೇ ಕಾನೂನುಬಾಹಿರ.

ನೆಲದ ಜಾತಕ

ಬೆಂಗಳೂರಿನ ಫ್ಲ್ಯಾಟು ನಿಂತಿರುವುದು ಬಹುಮಟ್ಟಿಗೆ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ. ಆ ಹೊಲ ಯಾರದು, ಅಣ್ಣತಮ್ಮಂದಿರಲ್ಲಿ ಪಾಲಾಗಿತ್ತೇ, ಹೆಣ್ಣುಮಕ್ಕಳು ಸಹಿ ಹಾಕಿದ್ದಾರೆಯೇ, ಕೃಷಿಯೇತರ ಬಳಕೆಗೆ ಜಿಲ್ಲಾಧಿಕಾರಿಯಿಂದ ಪರಿವರ್ತನೆ ಆಗಿದೆಯೇ ಎಂಬುದನ್ನು ಹಳೆಯ ಪಹಣಿ, ಮ್ಯುಟೇಷನ್, ವಂಶವೃಕ್ಷ, ಮೂಲ ಕ್ರಯಪತ್ರಗಳು ಹೇಳುತ್ತವೆ. ಕನಿಷ್ಠ 30 ವರ್ಷದ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ, ತೆಗೆಸಿ. ವಕೀಲರನ್ನು ನೀವೇ ಗೊತ್ತುಮಾಡಿ. ಬ್ಯಾಂಕಿನ ವಕೀಲರು ನೋಡಿದ್ದಾರಲ್ಲ ಎಂಬ ನೆಮ್ಮದಿ ಸಾಲದು. ಅವರು ನೋಡುವುದು ಬ್ಯಾಂಕಿನ ಹಣಕ್ಕೆ ಭದ್ರತೆ ಇದೆಯೇ ಎಂದು.

ಹೊರಗಿನಿಂದ ಬಂದವರಿಗೆ ಗೊತ್ತಿರದ, ಇಲ್ಲಿಯವರೂ ಮರೆಯುವ ಸಂಗತಿಯೊಂದಿದೆ, ಪಿಟಿಸಿಎಲ್. ಪರಿಶಿಷ್ಟ ಜಾತಿ, ಪಂಗಡದ ಕುಟುಂಬಗಳಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಪರಭಾರೆ ಮಾಡುವಂತಿಲ್ಲ ಎನ್ನುವ 1978ರ ಕಾಯ್ದೆ. 2023ರ ತಿದ್ದುಪಡಿಯ ನಂತರ ಅಂಥ ಜಮೀನು ವಾಪಸು ಕೇಳಲು ಕಾಲಮಿತಿಯೂ ಇಲ್ಲ. ಬಡವರ ನೆಲ ಉಳಿಸಲು ಬಂದ ಕಾಯ್ದೆ, ಅದರ ನ್ಯಾಯವನ್ನು ಪ್ರಶ್ನಿಸುವ ಹಾಗಿಲ್ಲ. ಕೊಳ್ಳುವವರು ಮಾಡಬೇಕಾದದ್ದು ಆ ಸರ್ವೆ ನಂಬರು ಮಂಜೂರಾತಿ ಜಮೀನೇ ಎಂದು ತಹಶೀಲ್ದಾರ್ ಕಚೇರಿಯಿಂದ ಹಿಂಬರಹ ಪಡೆಯುವುದು. ಬಿಡಿಎ ಭೂಸ್ವಾಧೀನದ ಅಧಿಸೂಚನೆಯೂ ಹಾಗೆಯೇ. ಡಾ. ಶಿವರಾಮ ಕಾರಂತ ಬಡಾವಣೆಗೆ 2008ರಲ್ಲಿ ಅಧಿಸೂಚನೆ ಹೊರಟಿತ್ತು. ಹತ್ತು ವರ್ಷ ಸ್ವಾಧೀನ ಪೂರ್ಣವಾಗದೆ ಅದು ಸತ್ತುಹೋಯಿತೆಂದು ತಿಳಿದು ಜನ ಮನೆ ಕಟ್ಟಿಕೊಂಡರು. 2018ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ವಾಧೀನವನ್ನು ಎತ್ತಿಹಿಡಿದಾಗ 17 ಹಳ್ಳಿಗಳಲ್ಲಿ ಗಾಬರಿ ಎದ್ದಿತು.

ರಾಜಕಾಲುವೆ ಹತ್ತಿರವಿದೆಯೇ ಎಂದು ನಕ್ಷೆಯಲ್ಲಿ ಕಣ್ಣಾರೆ ನೋಡಬೇಕು. ಬಿಡಿಎಯ 2015ರ ಮಹಾಯೋಜನೆಯಲ್ಲಿ ಕೆರೆಗೆ 30 ಮೀಟರ್, ಮೊದಲ, ಎರಡನೇ, ಮೂರನೇ ಹಂತದ ಕಾಲುವೆಗಳ ನಡುಗೆರೆಯಿಂದ 50, 25, 15 ಮೀಟರ್ ಬಿಡಬೇಕೆಂದಿತ್ತು. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಯ ಅಂಚನ್ನು 75 ಮೀಟರ್‌ಗೆ ಹಿಗ್ಗಿಸಿತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ನ್ಯಾಯಾಲಯದಲ್ಲಿ ಗೆರೆ ಹಿಂದೆ ಮುಂದೆ ಸರಿಯಬಹುದು, ಮಳೆನೀರು ಮಾತ್ರ ತನ್ನ ಹಳೆಯ ದಾರಿಯನ್ನೇ ಹಿಡಿಯುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ ಜನರನ್ನು ಟ್ರ್ಯಾಕ್ಟರ್‌ನಲ್ಲಿ, ದೋಣಿಯಲ್ಲಿ ಹೊರತರುವ ಚಿತ್ರಗಳನ್ನು ಎಲ್ಲರೂ ನೋಡಿದ್ದೇವೆ. ಫ್ಲ್ಯಾಟು ನೋಡಲು ಅಕ್ಟೋಬರ್‌ನ ಜೋರು ಮಳೆಯ ಮರುದಿನ ಹೋಗಿ, ನೆಲಮಾಳಿಗೆಯ ಗೋಡೆಯ ಮೇಲೆ ಕೆಸರಿನ ಗುರುತು ಎಷ್ಟು ಎತ್ತರಕ್ಕಿದೆ ನೋಡಿಕೊಂಡು ಬನ್ನಿ.

ಖಾತೆಯ ವಿಷಯ ಹೆಚ್ಚು ಹಿಗ್ಗಿಸುವುದಿಲ್ಲ. 2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ಇ-ಖಾತಾ ಇಲ್ಲದೆ ನೋಂದಣಿ ಇಲ್ಲ. ಎ ಖಾತಾ ಕೇಳಿ. ಬಿ ಖಾತೆಯ ಫ್ಲ್ಯಾಟು ಅಗ್ಗವಾಗಿ ಸಿಗುತ್ತದೆ, ಮಾರುವಾಗಲೂ ಅಗ್ಗಕ್ಕೇ ಹೋಗುತ್ತದೆ. ಬಹುಪಾಲು ಬ್ಯಾಂಕುಗಳು ಅದಕ್ಕೆ ಸಾಲವನ್ನೂ ಕೊಡವು. ಜಂಟಿ ಅಭಿವೃದ್ಧಿ ಒಪ್ಪಂದದಲ್ಲಿ ಕಟ್ಟಿದ್ದಾದರೆ ನಿಮ್ಮ ಫ್ಲ್ಯಾಟು ಜಮೀನು ಮಾಲೀಕರ ಪಾಲಿನದೋ ಬಿಲ್ಡರ್‌ನ ಪಾಲಿನದೋ ಎಂದು ಹಂಚಿಕೆ ಪತ್ರದಲ್ಲಿ ನೋಡಿ. ಜಮೀನು ಮಾಲೀಕರ ಪಾಲಿನ ಫ್ಲ್ಯಾಟು ಕಡಿಮೆಗೆ ಸಿಗುವುದುಂಟು, ತಪ್ಪೇನಿಲ್ಲ, ಅವರ ಮನೆಯ ಎಲ್ಲರೂ ಸಹಿ ಹಾಕಬೇಕು ಅಷ್ಟೆ.

ಟ್ಯಾಂಕರ್ ಪುಸ್ತಕ

ಭಾನುವಾರ ಕಂಪನಿಯ ಕಾರು ಮನೆ ಬಾಗಿಲಿಗೇ ಬರುತ್ತದೆ. ಮಾದರಿ ಫ್ಲ್ಯಾಟಿನಲ್ಲಿ ಏರ್ ಕಂಡಿಷನರ್ ತಣ್ಣಗೆ ಬೀಸುತ್ತಿರುತ್ತದೆ. ಕೋಣೆಯ ಬಾಗಿಲುಗಳನ್ನು ಕಳಚಿಟ್ಟಿರುತ್ತಾರೆ, ಜಾಗ ದೊಡ್ಡದಾಗಿ ಕಾಣಲಿ ಎಂದು. ಒಂದು ಗೋಡೆಗೆ ಉದ್ದಕ್ಕೂ ಕನ್ನಡಿ. ಮಂಚ ನೋಡಿ, ಆರಡಿ ಆಳು ಮಲಗಿದರೆ ಕಾಲು ಹೊರಗೆ ಬರುತ್ತದೆ. ಬಟ್ಟೆ ಒಣಗಿಸುವ ಜಾಗ ಎಲ್ಲಿ ಎಂದು ಅಮ್ಮಂದಿರು ಮಾತ್ರ ಕೇಳುತ್ತಾರೆ, ಅಲ್ಲಿನ ಹುಡುಗರ ಬಳಿ ಅದಕ್ಕೆ ಸಿದ್ಧ ಉತ್ತರವಿರುವುದಿಲ್ಲ. ‘ಈ ವೀಕೆಂಡ್ ಮಾತ್ರ ಈ ರೇಟು ಸಾರ್, ಸೋಮವಾರದಿಂದ ಎಸ್‌ಎಫ್‌ಟಿಗೆ ಇನ್ನೂರು ಜಾಸ್ತಿ’ ಎಂಬ ಮಾತು ಬಂದೇ ಬರುತ್ತದೆ. ಸೋಮವಾರ ಫೋನ್ ಮಾಡಿದರೆ ಅದೇ ರೇಟಿಗೆ ಮ್ಯಾನೇಜರ್ ಹತ್ತಿರ ಮಾತಾಡಿ ಕೊಡಿಸುತ್ತಾರೆ.

ಹೇಳುವ 1,200 ಚದರಡಿ ಸೂಪರ್ ಬಿಲ್ಟ್ ಅಪ್. ಮೆಟ್ಟಿಲು, ಲಿಫ್ಟು, ಕ್ಲಬ್ ಹೌಸ್ ಎಲ್ಲವೂ ಅದರಲ್ಲಿ ಸೇರಿರುತ್ತವೆ. ನೀವು ಚಾಪೆ ಹಾಸುವ ಜಾಗ 850 ಇದ್ದರೂ ಇರಬಹುದು. ರೇರಾ ಪ್ರಕಾರ ಕಾರ್ಪೆಟ್ ಏರಿಯಾ ಹೇಳಲೇಬೇಕು. ಬೆಲೆಯನ್ನು ಅದರಿಂದ ಭಾಗಿಸಿ ಎರಡು ಫ್ಲ್ಯಾಟುಗಳನ್ನು ಹೋಲಿಸಿ ನೋಡಿ. ಜೊತೆಗೆ ಯುಡಿಎಸ್ ಕೇಳಿ, ಅಂದರೆ ಅಡಿಯಲ್ಲಿರುವ ಜಮೀನಿನಲ್ಲಿ ನಿಮ್ಮ ಅವಿಭಾಜ್ಯ ಪಾಲು. ಮಲ್ಲೇಶ್ವರ, ಜಯನಗರದ ಮೂವತ್ತು ವರ್ಷದ ಹಳೆಯ ಮೂರು ಮಹಡಿಯ ಕಟ್ಟಡದಲ್ಲಿ ಆ ಪಾಲು 600 ಚದರಡಿ ಇರಬಹುದು, ಹೊರವಲಯದ ಇಪ್ಪತ್ತೈದು ಮಹಡಿಯ ಗೋಪುರದಲ್ಲಿ 250. ಈಜುಕೊಳ ಇಲ್ಲದ, ಬಣ್ಣ ಮಾಸಿದ ಹಳೆಯ ಫ್ಲ್ಯಾಟಿನ ಪರವಾಗಿ ಮಾತಾಡುವವರು ಕಡಿಮೆ. ನನ್ನ ಮತ ಅದಕ್ಕೇ. ಒಸಿ ಇದೆಯೇ, ನೀರು ಬರುತ್ತದೆಯೇ, ನೆರೆಯವರು ಎಂಥವರು ಎಂಬುದೆಲ್ಲ ಅಲ್ಲಿ ಈಗಾಗಲೇ ಇತ್ಯರ್ಥವಾಗಿರುತ್ತದೆ. ಸಾಲಕ್ಕೆ ಬ್ಯಾಂಕು ಕಟ್ಟಡದ ವಯಸ್ಸು ನೋಡುತ್ತದೆ, ಆ ಮಾತನ್ನು ಮೊದಲೇ ಆಡಿಕೊಂಡಿರಬೇಕು.

ನೀರಿನ ನಿಜ ಗೊತ್ತಾಗಬೇಕಾದರೆ ಬೆಳಿಗ್ಗೆ ಆರಕ್ಕೆ, ಬ್ರೋಕರ್ ಜೊತೆಯಿಲ್ಲದೆ ಹೋಗಬೇಕು. ಗೇಟಿನಲ್ಲಿ ಒಂದು ಉದ್ದನೆಯ ರಿಜಿಸ್ಟರ್ ಇರುತ್ತದೆ, ಟ್ಯಾಂಕರ್ ಒಳಬಂದ ಹೊತ್ತು, ಗಾಡಿ ನಂಬರು, ಲೋಡು, ಚಾಲಕನ ಸಹಿ. ಕಳೆದ ಮಾರ್ಚ್ ಏಪ್ರಿಲ್ ಪುಟಗಳನ್ನು ತಿರುವಿ. ಯಾದಗಿರಿ ಕಡೆಯ ಕಾವಲುಗಾರರೊಬ್ಬರು ಪುಸ್ತಕ ತೋರಿಸುವ ಮೊದಲೇ ಹೇಳಿದರು: ‘ಕಾವೇರಿ ಬರ್ತೈತ್ರಿ ಸರ, ವಾರಕ್ಕ ಎರಡು ದಿನ. ಬ್ಯಾಸಗ್ಯಾಗ ಟ್ಯಾಂಕರ್ ಇಲ್ದ ನಡಿಯಂಗಿಲ್ರಿ.’ ಮಾರಾಟದವರು ಆ ಕಟ್ಟಡವನ್ನು ತೋರಿಸಿದ್ದು 24 ಗಂಟೆ ಕಾವೇರಿ ನೀರು ಎಂದು.

ಲೆಕ್ಕ ಸುಲಭ. ನೂರು ಮನೆ, ಮನೆಗೆ ನಾಲ್ಕು ಜನ, ತಲೆಗೆ 135 ಲೀಟರ್ ಎಂದರೆ ದಿನಕ್ಕೆ 54,000 ಲೀಟರ್. 12,000 ಲೀಟರಿನ ಟ್ಯಾಂಕರ್ ನಾಲ್ಕೂವರೆ. 2024ರ ಬೇಸಿಗೆಯ ಬರದಲ್ಲಿ ದರ ಮುಗಿಲು ಮುಟ್ಟಿದಾಗ ಜಿಲ್ಲಾಡಳಿತ ಐದು ಕಿಲೋಮೀಟರ್ ಒಳಗೆ ಆ ಟ್ಯಾಂಕರ್‌ಗೆ 1,000 ರೂಪಾಯಿ ಎಂದು ಗೊತ್ತುಪಡಿಸಿತು. ಆ ದರದಲ್ಲೇ ಹಿಡಿದರೂ ಪ್ರತಿ ಮನೆಗೆ ತಿಂಗಳಿಗೆ 1,350 ರೂಪಾಯಿ ಬರೀ ನೀರಿಗೆ. 2024ರ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತ ಶುರುವಾಯಿತು, ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್. ಕೊಳವೆ ರಸ್ತೆಯಲ್ಲಿ ಹಾದುಹೋಗಿದ್ದರೆ ಸಾಲದು. ಅಪಾರ್ಟ್‌ಮೆಂಟಿನ ಸಂಘ ಜಲಮಂಡಳಿಗೆ ಶುಲ್ಕ ಕಟ್ಟಿ ಸಂಪರ್ಕ ಪಡೆದಿರಬೇಕು. ನೋಡಬೇಕಾದ ಕಾಗದ ಒಂದೇ, ಜಲಮಂಡಳಿಯ ಕಳೆದ ತಿಂಗಳ ಬಿಲ್ಲು. ಹಾಗೇ ಕೆಳಗಿಳಿದು ಕೊಳಚೆ ನೀರು ಶುದ್ಧೀಕರಣ ಘಟಕದ ಬಳಿ ಐದು ನಿಮಿಷ ನಿಲ್ಲಿ. ಮೋಟರು ಓಡುತ್ತಿದೆಯೇ, ಮೂಗು ಮುಚ್ಚಿಕೊಳ್ಳಬೇಕೇ? ಆ ಕೋಣೆ ನೋಡಿದರೆ ಸಂಘದ ಯೋಗ್ಯತೆ ತಿಳಿಯುತ್ತದೆ.

ಸಂಘ ಯಾವ ಕಾಯ್ದೆಯಲ್ಲಿ ನೋಂದಣಿಯಾಗಿದೆ ಎಂದು ಕೇಳುವವರೇ ಇಲ್ಲ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ಇದ್ದೂ ಎಷ್ಟೋ ಕಡೆ 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ, ಯುವಕ ಸಂಘವನ್ನು ನೋಂದಾಯಿಸಿದ ಹಾಗೆ, ಮಾಡಿಸಿಕೊಂಡಿದ್ದಾರೆ. ಸಾಮಾನ್ಯ ಜಾಗಗಳನ್ನು ಒಸಿ ಬಂದ ಮೂರು ತಿಂಗಳೊಳಗೆ ಸಂಘಕ್ಕೆ ಬರೆದುಕೊಡಬೇಕೆಂದು ರೇರಾ ಹೇಳುತ್ತದೆ. ಬರೆದುಕೊಡದ ಕಡೆ ಮುಂದೊಂದು ದಿನ ಉದ್ಯಾನದ ಮೂಲೆಯಲ್ಲಿ ಇನ್ನೊಂದು ಟವರ್ ಏಳುವ ಭಯ ತಪ್ಪುವುದಿಲ್ಲ. ಸಂಘದ ಖಜಾಂಚಿಯನ್ನು ಕಂಡು ಎರಡು ವರ್ಷದ ಲೆಕ್ಕಪತ್ರ ಕೇಳಿ. ಕಾರ್ಪಸ್ ಹಣ ಬ್ಯಾಂಕಿನಲ್ಲಿ ಎಷ್ಟಿದೆ, ಬಾಕಿದಾರರು ಎಷ್ಟು ಜನ? ಕೊಡಲು ಹಿಂದೇಟು ಹಾಕಿದರೆ ಅದೂ ಒಂದು ಉತ್ತರವೇ.

ದುಡ್ಡು ಕೊಡುವ ಹಂತಕ್ಕೆ ಬಂದಿರೋ, ಎಲ್ಲವನ್ನೂ ಬ್ಯಾಂಕಿನ ಮೂಲಕವೇ ಕೊಡಿ. ಹಳೆಯ ಫ್ಲ್ಯಾಟ್ ಮಾರುವವರು ‘ಒಂದಿಷ್ಟು ಕ್ಯಾಶ್’ ಎನ್ನುವ ಮಾತಿಗೆ ಮಣಿದರೆ ಮುಂದೆ ನೀವು ಮಾರುವಾಗ ಅಷ್ಟೂ ನಿಮ್ಮ ಲಾಭವಾಗಿ ಕಂಡು ತೆರಿಗೆ ಕಟ್ಟಬೇಕಾಗುತ್ತದೆ. 50 ಲಕ್ಷ ಮುಟ್ಟಿದ ಅಥವಾ ಮೀರಿದ ವ್ಯವಹಾರದಲ್ಲಿ ಶೇ 1ನ್ನು ಟಿಡಿಎಸ್ ಆಗಿ ಹಿಡಿದು ಸರ್ಕಾರಕ್ಕೆ ಕಟ್ಟುವ ಹೊಣೆ ಕೊಳ್ಳುವವರದೇ. ಮಾರುವವರು ಅನಿವಾಸಿಯಾಗಿದ್ದರೆ ದರವೂ ಬೇರೆ, ನಿಯಮವೂ ಬೇರೆ, ಲೆಕ್ಕ ಪರಿಶೋಧಕರನ್ನು ಕೇಳದೆ ಹೆಜ್ಜೆ ಇಡಬೇಡಿ.

ಕೊನೆಯದಾಗಿ ಒಂದು ಮನವಿ. ಕ್ರಯಪತ್ರದ ಕರಡನ್ನು ನೋಂದಣಿಗೆ ಒಂದು ವಾರ ಮುಂಚೆ ತರಿಸಿಕೊಳ್ಳಿ. ಮನೆಯವರೆಲ್ಲ ಕೂತು ಗಟ್ಟಿಯಾಗಿ ಓದಿ. ಹೆಸರಿನ ಅಕ್ಷರಗಳು ಆಧಾರ್, ಪ್ಯಾನ್ ಜೊತೆ ಹೊಂದುತ್ತವೆಯೇ, ಹೆಂಡತಿಯ ಹೆಸರು ಜಂಟಿಯಾಗಿ ಸೇರಿದೆಯೇ, ಸರ್ವೆ ನಂಬರು, ಚಕ್ಕುಬಂದಿ, ಕಾರ್ಪೆಟ್ ವಿಸ್ತೀರ್ಣ, ಯುಡಿಎಸ್, ಪಾರ್ಕಿಂಗ್ ಸಂಖ್ಯೆ ಸರಿಯಿವೆಯೇ ನೋಡಿ. ನೋಂದಣಿಯ ನಂತರ ಒಂದಕ್ಷರ ತಿದ್ದಬೇಕಾದರೂ ಮಾರಿದವರನ್ನು ಮತ್ತೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆತಂದು ತಿದ್ದುಪಡಿ ಪತ್ರ ಮಾಡಿಸಬೇಕು. ಹಣ ಪೂರ್ತಿ ಕೈಸೇರಿದ ಮೇಲೆ ಅವರು ನಿಮ್ಮ ಫೋನ್ ಎತ್ತುವ ಖಾತರಿಯಿಲ್ಲ.